ಎನ್‌ಸಿಐಡಿಕ್ಯೂ ಪರೀಕ್ಷೆಯಲ್ಲಿ 500 ಬಂದರೆ ಪಾಸ್ ಅಂತಾರಲ್ಲ, ಅದು ಶೇಕಡಾ ಎಷ್ಟು?

ಶೇಕಡಾ ಲೆಕ್ಕವೇ ಅಲ್ಲ ಅದು. ಅಮೆರಿಕ, ಕೆನಡಾದ ಇಂಟೀರಿಯರ್ ಡಿಸೈನರ್‌ಗಳು ಬರೆಯುವ ಈ ಪರೀಕ್ಷೆಯ ಅಂಕಪಟ್ಟಿ 200ರಿಂದ 800ರವರೆಗಿನ ಅಳತೆಪಟ್ಟಿಯಲ್ಲಿರುತ್ತದೆ. 500 ಪಾಸಿನ ಗೆರೆ. ಹಾಗಾಗಿ 800ಕ್ಕೆ 500 ಎಂದು ಭಾಗಿಸಿ 62.5% ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಯಾಕೆ ಈ ಸುತ್ತುಬಳಸು? ಪ್ರತಿ ಸಲದ ಪ್ರಶ್ನೆಪತ್ರಿಕೆ ಬೇರೆ. ಒಂದು ಸ್ವಲ್ಪ ಕಠಿಣ, ಇನ್ನೊಂದು ಸ್ವಲ್ಪ ಸುಲಭ. ಕಠಿಣ ಪತ್ರಿಕೆಯಲ್ಲಿ ಒಂದೆರಡು ಸರಿಯುತ್ತರ ಕಡಿಮೆಯಾದರೂ 500 ಮುಟ್ಟಬಹುದು, ಸುಲಭದ್ದರಲ್ಲಿ ಹೆಚ್ಚು ಬೇಕು. ಯಾವ ಪತ್ರಿಕೆ ಸಿಕ್ಕರೂ 500ರ ತೂಕ ಒಂದೇ ಇರಲಿ ಅಂತ ಈ ಏರ್ಪಾಡು. ಪಕ್ಕದವರ ಅಂಕದ ಜೊತೆ ಪೈಪೋಟಿಯಿಲ್ಲ.

ಇನ್ನೊಂದು ಗುಟ್ಟು: ಕೆಲವು ಪ್ರಶ್ನೆಗಳು ಬರೀ ಪ್ರಯೋಗಕ್ಕೆ, ಅವಕ್ಕೆ ಅಂಕವಿಲ್ಲ. ಯಾವುವೆಂದು ಗುರುತಿಸಲಾಗದು, ಹಾಗಾಗಿ ಎಲ್ಲಕ್ಕೂ ಉತ್ತರಿಸಿ.

ಫಂಡಮೆಂಟಲ್ಸ್, ಪ್ರೊಫೆಷನಲ್, ಪ್ರಾಕ್ಟಿಕಮ್ ಎಂಬ ಮೂರೂ ಭಾಗಗಳಲ್ಲಿ ಬೇರೆಬೇರೆಯಾಗಿಯೇ ಪಾಸಾಗಬೇಕು. ಒಂದರಲ್ಲಿ 620 ಬಂದು ಇನ್ನೊಂದರಲ್ಲಿ 490 ಬಂದರೆ ಸರಾಸರಿ ನಡೆಯುವುದಿಲ್ಲ. ಆದರೆ ಮತ್ತೆ ಬರೆಯಬೇಕಾದ್ದು 490ರದ್ದನ್ನು ಮಾತ್ರ.