ಪೆನ್‌ಡ್ರೈವ್ ಹಾಕಿದರೂ ಲ್ಯಾಪ್‌ಟಾಪ್ ಅದರಿಂದ ಬೂಟ್ ಆಗುತ್ತಿಲ್ಲ, ಏನು ಮಾಡಲಿ?

ವಿಂಡೋಸ್ ಇರುವ ಪೆನ್‌ಡ್ರೈವ್ ಹಾಕಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಮೆನು) ಯುಎಸ್‌ಬಿಯನ್ನೇ ಮೊದಲಿಗೆ ಇಟ್ಟರೂ ಹಳೇ ವಿಂಡೋಸೇ ಓಪನ್ ಆಗುತ್ತದೆ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಈ ತೊಂದರೆ ನನ್ನ ಟೇಬಲ್ಲಿಗೆ ಮೇಲಿಂದ ಮೇಲೆ ಬರುತ್ತದೆ.

ಬಯಾಸ್‌ನಲ್ಲಿ ಇನ್ನೇನನ್ನೂ ಸದ್ಯಕ್ಕೆ ಮುಟ್ಟಬೇಡಿ. ತಪ್ಪು ಪೆನ್‌ಡ್ರೈವ್‌ನಲ್ಲಿದೆಯೋ ಲ್ಯಾಪ್‌ಟಾಪ್‌ನಲ್ಲಿದೆಯೋ, ಅದು ಮೊದಲು ಗೊತ್ತಾಗಲಿ. ಅದೇ ಪೆನ್‌ಡ್ರೈವನ್ನು ಗೆಳೆಯರ ಕಂಪ್ಯೂಟರ್‌ಗೆ ಹಾಕಿ ನೋಡಿ. ಭಾಷೆ ಕೇಳುವ ಮೊದಲ ಸ್ಕ್ರೀನ್ ಬಂದರೆ ಸಾಕು, ಅಲ್ಲೇ ಆಫ್ ಮಾಡಿ.

ಅಲ್ಲೂ ಬರಲಿಲ್ಲವಾ? ಹಾಗಾದರೆ ಪೆನ್‌ಡ್ರೈವ್ ತೆರೆದು ನೋಡಿ. ಒಳಗೆ ಒಂದೇ ಒಂದು ದೊಡ್ಡ ಐಎಸ್ಒ ಫೈಲ್ (ಇಡೀ ವಿಂಡೋಸ್ ಡಿಸ್ಕ್ ಒಂದೇ ಫೈಲಿನಲ್ಲಿ) ಕೂತಿದ್ದರೆ ತಪ್ಪು ಅಲ್ಲೇ ಇದೆ. ಡೌನ್‌ಲೋಡ್ ಆದ ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುವ ರುಫಸ್ ಎಂಬ ಸಾಫ್ಟ್‌ವೇರ್‌ನಲ್ಲೋ ಮೈಕ್ರೋಸಾಫ್ಟ್‌ನವರ ಮೀಡಿಯಾ ಕ್ರಿಯೇಷನ್ ಟೂಲ್‌ನಲ್ಲೋ ಮಾಡಬೇಕು, 8 ಜಿಬಿ ಪೆನ್‌ಡ್ರೈವ್ ಸಾಕು. ಹಾಗೆ ಮಾಡಿದಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮನೆಯವರ ಫೋಟೋ ಇದ್ದರೆ ದಯವಿಟ್ಟು ಮೊದಲು ತೆಗೆದಿಡಿ.

ಬೇರೆ ಕಂಪ್ಯೂಟರ್‌ನಲ್ಲಿ ಸರಿಯಾಗಿ ಬಂತು ಅಂದರೆ ನಿಮ್ಮ ಲ್ಯಾಪ್‌ಟಾಪ್ ಕಡೆ ಬನ್ನಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ನೀವು ಶಟ್‌ಡೌನ್ ಕೊಟ್ಟರೂ ಮಷೀನು ಪೂರ್ತಿ ಆಫ್ ಆಗಿರುವುದಿಲ್ಲ. ಶಿಫ್ಟ್ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕೊಡಿ. ಆಮೇಲೆ ಆನ್ ಮಾಡಿದ ತಕ್ಷಣ ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಬೂಟ್ ಮೆನುವಿನ ಕೀ ಒತ್ತುತ್ತಲೇ ಇರಿ. ಡೆಲ್, ಲೆನೊವೊಗೆ ಸಾಮಾನ್ಯವಾಗಿ ಎಫ್12, ಎಚ್‌ಪಿಗೆ ಎಫ್9. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬಯಾಸ್‌ಗೆ ಹೋಗಿ ಆನ್ ಮಾಡಬೇಕು.

ಆ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಕಾಣದಿದ್ದರೆ ನನಗೆ ಮೊದಲು ಅನುಮಾನ ಬರುವುದು ಲೆಗಸಿ, ಯುಇಎಫ್ಐ ಜಗಳದ ಮೇಲೆ. ಲೆಗಸಿ ಅಂದರೆ ಬೂಟ್ ಮಾಡುವ ಹಳೇ ವಿಧಾನ, ಯುಇಎಫ್ಐ ಹೊಸದು. ಸೇಡಂ ಕಡೆಯ ಒಬ್ಬ ಡಿಗ್ರಿ ಹುಡುಗಿ ಹಳೇ ಲ್ಯಾಪ್‌ಟಾಪ್ ತಂದಿದ್ದಳು. "ಅಣ್ಣಾರ, ನಾಕು ಸಲ ಮಾಡೀನ್ರಿ, ಬರವಲ್ದು" ಅಂದಳು. ಪೆನ್‌ಡ್ರೈವ್ ಚೆನ್ನಾಗಿಯೇ ಇತ್ತು. ರುಫಸ್‌ನಲ್ಲಿ ಅವಳು ಡಿಸ್ಕ್ ಭಾಗ ಮಾಡುವ ಬಗೆಯಲ್ಲಿ ಜಿಪಿಟಿ ಆರಿಸಿದ್ದಳು, ಅದು ಯುಇಎಫ್ಐಗೆ. ಲ್ಯಾಪ್‌ಟಾಪಿನಲ್ಲಿ ಹಿಂದೆ ಯಾರೋ ವಿಂಡೋಸ್ 7 ಹಾಕುವಾಗ ಬೂಟ್ ಮೋಡನ್ನು ಲೆಗಸಿಗೆ ತಿರುಗಿಸಿ ಹಾಗೇ ಬಿಟ್ಟಿದ್ದರು. ಎರಡೂ ಒಂದನ್ನೊಂದು ಗುರುತಿಸುವುದೇ ಇಲ್ಲ.

ಆದರೆ ಮೋಡ್ ಬದಲಿಸಿದರೆ ಹಳೇ ವಿಂಡೋಸ್ ತೆರೆಯುವುದಿಲ್ಲ. ಅವಳ ಪ್ರಾಜೆಕ್ಟ್ ರಿಪೋರ್ಟ್ ಡೆಸ್ಕ್‌ಟಾಪ್ ಮೇಲೇ ಇತ್ತು. ಮೊದಲು ಅದನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿ, ಅಲ್ಲಿಂದ ತೆರೆಯುತ್ತದಾ ಅಂತ ಅವಳ ಎದುರೇ ನೋಡಿ, ಆಮೇಲೆ ಯುಇಎಫ್ಐ ಮಾಡಿದೆ. ಮುಂದಿನ ಸಲಕ್ಕೆ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಬಂತು. ಮೋಡ್ ಬದಲಿಸಲು ಮನಸ್ಸಿಲ್ಲದಿದ್ದರೆ ರುಫಸ್‌ನಲ್ಲಿ ಲೆಗಸಿಗೆ ಹೊಂದುವ ಎಂಬಿಆರ್ ಆರಿಸಿ ಪೆನ್‌ಡ್ರೈವನ್ನೇ ಮತ್ತೆ ಮಾಡಿಕೊಳ್ಳಬಹುದು. ವಿಂಡೋಸ್ 10ಕ್ಕೆ ಅದು ನಡೆಯುತ್ತದೆ, 11ಕ್ಕೆ ಯುಇಎಫ್ಐ ಇರಬೇಕು.

ಹೆಸರು ಕಂಡರೂ ಸೆಕ್ಯೂರಿಟಿ ಅಂತ ಎರರ್ ಬಂದರೆ ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ತಡೆಯುತ್ತಿದೆ ಅಂತ ಅರ್ಥ. ಲಿನಕ್ಸ್ ಅಥವಾ ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಲ್ಲಿ ಹಲವು ಐಎಸ್ಒ ಇಡುವ ಸಾಫ್ಟ್‌ವೇರ್) ಹಾಕುವವರಿಗೆ ಇದು ಜಾಸ್ತಿ. ಅದನ್ನು ಆಫ್ ಮಾಡಬಹುದು. ಆದರೆ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್‌ಗೆ ಮೊಬೈಲಿನಿಂದ ಲಾಗಿನ್ ಆಗಿ ಕೀ ಅಲ್ಲಿದೆಯಾ ನೋಡಿ, ಇದ್ದರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೀ ಸಿಗದೆ ಎಲ್ಲ ಫೈಲ್ ಕಳೆದುಕೊಂಡವರು ನನ್ನ ಎದುರು ಕೂತು ಅತ್ತಿದ್ದಾರೆ.

ಇದನ್ನು ಓದುತ್ತಿರುವ ಡೆಸ್ಕ್‌ಟಾಪ್‌ನವರಿಗೂ ಎರಡು ಮಾತು. ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ಗೇ ಇರುವ ಪೋರ್ಟಿಗೆ ಹಾಕಿ. ನಮ್ಮ ಕಡೆ ಧೂಳಿಗೆ ಮುಂದಿನವು ಬೇಗ ಸಡಿಲಾಗುತ್ತವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಟೈಮ್ ತಪ್ಪಾಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ (ನಾಣ್ಯದಂಥ ಬ್ಯಾಟರಿ) ಹೋಗಿದೆ, ಬಯಾಸ್‌ನಲ್ಲಿ ನೀವು ಮಾಡಿದ್ದೂ ಉಳಿಯುವುದಿಲ್ಲ. ಸೆಲ್ ಬದಲಿಸಿ.

ಬೂಟ್ ಆಗಿ ಇನ್‌ಸ್ಟಾಲ್ ಶುರುವಾದ ಮೇಲೆ ಒಂದು ನೆನಪಿಡಿ. ಮೊದಲ ಸಲ ತಾನೇ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಮೊದಲ ಸ್ಕ್ರೀನಿಗೇ ಬಂದು ನಿಲ್ಲಬಹುದು. ಇಷ್ಟಾದರೂ ಬರದಿದ್ದರೆ ಲ್ಯಾಪ್‌ಟಾಪ್ ಮಾಡೆಲ್, ಬೂಟ್ ಮೆನುವಿನಲ್ಲಿ ಏನೇನು ಕಾಣುತ್ತದೆ, ಎರಡನ್ನೂ ಬರೆಯಿರಿ.