ಹೃದಯಾಘಾತವೋ ಅಲ್ಲವೋ ತಿಳಿಯುವ ಮುನ್ನವೇ ಮಾತ್ರೆ?

ಪ್ರಶ್ನೆ: ಎದೆನೋವು ಬಂದ ಕೂಡಲೇ ಆಸ್ಪಿರಿನ್ ಅಗಿಯಬೇಕು ಅಂತಾರೆ. ಹೃದಯಾಘಾತವೋ ಗ್ಯಾಸ್ಟ್ರಿಕ್ಕೋ ಗೊತ್ತಾಗುವ ಮೊದಲೇ ಔಷಧ ಕೊಡಬಹುದೇ? ಇದನ್ನು ಯಾರ ಮೇಲೆ ಪರೀಕ್ಷಿಸಿದ್ದಾರೆ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಕೊಡಬಹುದು. ಪರೀಕ್ಷೆ ನಡೆದದ್ದೂ ನಿಮ್ಮಂತೆ ಅನುಮಾನದಲ್ಲಿದ್ದವರ ಮೇಲೆಯೇ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು, ಮೊದಲ ಇಸಿಜಿ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಖಾತ್ರಿಗಾಗಿ ಕಾಯುತ್ತ ಕೂತರೆ ಹೃದಯದ ಸ್ನಾಯು ಉಳಿಯುವುದಿಲ್ಲ.

1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಹೃದಯಾಘಾತ ಚಿಕಿತ್ಸೆಯ ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ಮಂದಿ ಇದ್ದರು. ನೋವು ಶುರುವಾಗಿ 24 ಗಂಟೆಯೊಳಗೆ ಬಂದವರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು: ಒಂದಕ್ಕೆ ಒಂದು ತಾಸಿನ ಡ್ರಿಪ್‌ನಲ್ಲಿ 15 ಲಕ್ಷ ಯೂನಿಟ್ ಸ್ಟ್ರೆಪ್ಟೊಕೈನೇಸ್ (ರಕ್ತದ ಹೆಪ್ಪು ಕರಗಿಸುವ ಔಷಧ), ಇನ್ನೊಂದಕ್ಕೆ ತಿಂಗಳ ಕಾಲ ದಿನಕ್ಕೆ ಸುಮಾರು 160 ಮಿಗ್ರಾಂ ಆಸ್ಪಿರಿನ್, ಮತ್ತೊಂದಕ್ಕೆ ಎರಡೂ, ಉಳಿದದ್ದಕ್ಕೆ ಬರೀ ಹುಸಿ ಔಷಧ (ನೋಡಲು ಔಷಧದಂತೆ, ಒಳಗೆ ಮದ್ದಿಲ್ಲ). ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಐದು ವಾರಗಳಲ್ಲಿ ಹೃದಯ–ರಕ್ತನಾಳದ ಕಾರಣಕ್ಕೆ ಸತ್ತವರು ಹುಸಿ ಗುಂಪಿನಲ್ಲಿ ಶೇ 13.2, ಎರಡೂ ಪಡೆದವರಲ್ಲಿ ಶೇ 8.

ಇಂಥ ಪರೀಕ್ಷೆ ಹೆಚ್ಚಾಗಿ ಕೆಡುವುದು ಲೆಕ್ಕದಲ್ಲಿ. ‘ಇವರಿಗೆ ಹೃದಯಾಘಾತವೇ ಆಗಿರಲಿಲ್ಲ’ ಎಂದು ಆಮೇಲೆ ಕೆಲವರನ್ನು ಕೈಬಿಟ್ಟರೆ ಗುಂಪುಗಳ ಸಮತೋಲ ಹೋಯಿತು. ಸೇರಿದವರೆಲ್ಲ ಕೊನೆಯವರೆಗೂ ಲೆಕ್ಕದಲ್ಲಿರಬೇಕು. ಸಣ್ಣ ಸಣ್ಣ ತುಂಡು ಮಾಡಿ ನೋಡುವುದೂ ಅಪಾಯ. ಐಸಿಸ್-2ರವರೇ ರೋಗಿಗಳನ್ನು ರಾಶಿವಾರು ವಿಂಗಡಿಸಿದಾಗ, ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಫಲವಿಲ್ಲ ಎಂದು ಬಂತು! ಬರೀ ಆಕಸ್ಮಿಕ, ಅದನ್ನು ತೋರಿಸಲೆಂದೇ ಅವರು ಹಾಗೆ ವಿಂಗಡಿಸಿದ್ದು. ಮೆಗ್ನೀಷಿಯಂ ಕಥೆಯೂ ನೆನಪಿಡುವಂಥದ್ದು: ಸಣ್ಣ ಪ್ರಯೋಗಗಳಲ್ಲಿ ಜೀವ ಉಳಿಸುವಂತೆ ಕಂಡದ್ದು, ಅದೇ ಸರಣಿಯ 1995ರ ಐಸಿಸ್-4ರಲ್ಲಿ 58,050 ಮಂದಿಯ ಮೇಲೆ ನೋಡಿದಾಗ ಪ್ರಯೋಜನಕ್ಕೆ ಬರಲಿಲ್ಲ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಮೊದಲು 108ಕ್ಕೆ ಕರೆ ಮಾಡಿ, ರೋಗಿಯನ್ನು ಕೂರಿಸಿ, ನಡೆಸಬೇಡಿ. 300 ಮಿಗ್ರಾಂ ಆಸ್ಪಿರಿನ್ ಅಗಿಸಿ. 75ರ ಮಾತ್ರೆಯಾದರೆ ನಾಲ್ಕು; ಅದಕ್ಕೆ ಲೇಪ ಇರುವುದರಿಂದ ನುಂಗಿದರೆ ತಡವಾಗುತ್ತದೆ, ಜಗಿಯಲೇಬೇಕು. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಬೇಡ. ಸೀಳಿದಂತೆ ನೋವು ಬೆನ್ನಿಗೆ ಹರಿದರೆ ಮಹಾಅಪಧಮನಿ ಬಿರಿದಿರಬಹುದು, ಆಗಲೂ ವೈದ್ಯರು ನೋಡುವ ತನಕ ಕೊಡಬೇಡಿ.

ನೇರ ದಾವಣಗೆರೆಗೇ ಹೋಗೋಣ ಎಂದು ತಾಲ್ಲೂಕು ಆಸ್ಪತ್ರೆ ದಾಟಿ ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ಮೊದಲ ಇಸಿಜಿ ಅಲ್ಲೇ, ಹತ್ತು ನಿಮಿಷದೊಳಗೆ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಬರುವ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.