ಪೌಡರ್ ನೀರು ಎಲ್ಲಾ ರಾತ್ರೀನೇ ಕುಡಿದುಬಿಟ್ರೆ ಆಗಲ್ವಾ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ, ಶುಗರ್ರೂ ಇದೆ ಬಿಪಿನೂ ಇದೆ. ಮೋಶನ್‌ನಲ್ಲಿ ರಕ್ತ ಹೋಗ್ತಿತ್ತು ಅಂತ ಡಾಕ್ಟರು ಕೊಲೊನೋಸ್ಕೋಪಿ (ದೊಡ್ಡಕರುಳೊಳಗೆ ಕ್ಯಾಮೆರಾ ಹಾಕಿ ನೋಡೋ ಟೆಸ್ಟು) ಬರೆದಿದ್ದಾರೆ, ಬೆಳಗ್ಗೆ 10 ಗಂಟೆಗೆ. ಕರುಳು ಕ್ಲೀನ್ ಆಗೋಕೆ ಒಂದು ಪ್ಯಾಕೆಟ್ ಪೌಡರ್ ಕೊಟ್ಟು 2 ಲೀಟರ್ ನೀರಲ್ಲಿ ಕಲಸಿ ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡೀಬೇಕು ಅಂದ್ರು. ಅಪ್ಪ ಎಲ್ಲಾ ರಾತ್ರೀನೇ ಮುಗಿಸ್ತೀನಿ ಅಂತಾರೆ, ನಮ್ಮ ಸೋದರತ್ತೆ ಹರಳೆಣ್ಣೆ ಕುಡಿಸಿ ಇಲ್ಲಾಂದ್ರೆ ಎನಿಮಾ ಕೊಡಿಸಿ ಸಾಕು ಅಂತಾರೆ. ಏನ್ಮಾಡೋದು?
– ಒಬ್ಬ ಓದುಗರು, ಹಾಸನ

ಉತ್ತರ: ಅಪ್ಪನ ಪ್ಲಾನ್ ಬೇಡ, ಅತ್ತೆಯವರದ್ದಂತೂ ಬೇಡವೇ ಬೇಡ. ಹರಳೆಣ್ಣೆ ಭೇದಿ ಮಾಡ್ಸುತ್ತೆ ನಿಜ, ಆದ್ರೆ ಹೊಟ್ಟೆ ನುಲಿಯುತ್ತೆ, ಕರುಳು ಬೇಕಾದಷ್ಟು ಕ್ಲೀನ್ ಆಗಲ್ಲ. ಎನಿಮಾ ತೊಳೆಯೋದು ಕೆಳಗಿನ ಎಡಭಾಗ ಅಷ್ಟೇ, ಈ ಟೆಸ್ಟಲ್ಲಿ ಬಲಗಡೆ ತುದಿವರೆಗೂ ನೋಡ್ಬೇಕು.

ಬೆಳಗಿನ ಡೋಸ್ ಯಾಕೆ ಅಂದ್ರೆ, ರಾತ್ರಿ ಎಷ್ಟೇ ಕ್ಲೀನ್ ಆಗಿದ್ರೂ ಮಲಗಿದ್ದಾಗ ಸಣ್ಣಕರುಳಿಂದ ಪಿತ್ತ, ಲೋಳೆ ಎಲ್ಲಾ ಇಳಿದು ಬಂದು ದೊಡ್ಡಕರುಳಿನ ಬಲಭಾಗಕ್ಕೆ ಮೆತ್ಕೊಳ್ಳುತ್ತೆ, ಚಪ್ಪಟೆಯಾಗಿರೋ ಪಾಲಿಪ್‌ಗಳು (ಕರುಳಿನ ಒಳಗೋಡೇಲಿ ಬೆಳೆಯೋ ಸಣ್ಣ ಗಂಟುಗಳು) ಜಾಸ್ತಿ ಸಿಗೋದೂ ಆ ಕಡೇನೇ, ಅದು ಕಾಣದೇ ಹೋದ್ರೆ ಇಷ್ಟೆಲ್ಲಾ ಪಟ್ಟ ಪಾಡು ದಂಡ. ಹಾಗಾಗಿ ನಾಲ್ಕೂವರೆಗೆ ಎಬ್ಬಿಸಿ, ಏಳರೊಳಗೆ ಕುಡಿಸಿ ಮುಗಿಸಿ, ಆಮೇಲೆ ಡಾಕ್ಟರ್ ತಗೊಳ್ಳಿ ಅಂದಿರೋ ಮಾತ್ರೆಗೆ ಒಂದು ಗುಟುಕು ನೀರು ಬಿಟ್ರೆ ಏನೂ ಬೇಡ. ಆಸ್ಪತ್ರೆ ಬೇರೆ ಊರಲ್ಲಿದ್ರೆ ಹಿಂದಿನ ದಿನಾನೇ ಹೋಗಿ ಹತ್ತಿರದಲ್ಲಿ ಉಳ್ಕೊಳ್ಳಿ, ಇದನ್ನ ಕುಡಿದು ಬಸ್ಸಲ್ಲಿ ಕೂರೋಕಾಗಲ್ಲ!

ರುಚಿ ಒಂಥರಾ ಉಪ್ಪುಪ್ಪು, ಫ್ರಿಜ್ಜಲ್ಲಿಟ್ಟು ನಿಂಬೆರಸ ಹಿಂಡಿದ್ರೆ ಪರವಾಗಿಲ್ಲ. ಹದಿನೈದು ನಿಮಿಷಕ್ಕೊಂದು ಲೋಟ ಸಾಕು, ವಾಂತಿ ಬರೋ ಹಾಗಾದ್ರೆ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿ. ಕೊನೇಗೆ ತಿಳಿ ಹಳದಿ ನೀರು ಮಾತ್ರ ಹೋಗ್ಬೇಕು. ಬೆಳಗ್ಗೇನೂ ಕಂದು ಬಣ್ಣ, ಚೂರುಚೂರು ಬರ್ತಿದ್ರೆ ಹೊರಡೋ ಮೊದ್ಲೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ.

ಊಟದ ವಿಷ್ಯ. ಹಾಸನದವ್ರಿಗೆ ಮುದ್ದೆ ಬಿಡಿ ಅನ್ನೋದು ಕಷ್ಟಾನೇ, ಆದ್ರೂ ಟೆಸ್ಟಿಗೆ ಎರಡು ಮೂರು ದಿನ ಮೊದಲಿಂದ ಮುದ್ದೆ, ಸೊಪ್ಪು, ಕಾಳು, ಬೀಜ ಇರೋ ಹಣ್ಣು, ಇಸಬ್ಗೋಲ್ ಎಲ್ಲಾ ಬಂದ್. ಬಿಳಿ ಅನ್ನ, ಇಡ್ಲಿ, ಮೊಸರು ನಡೆಯುತ್ತೆ. ಹಿಂದಿನ ದಿನ ಬರೀ ತಿಳಿ: ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಟೀ. ಕೆಂಪು ಜ್ಯೂಸ್ ಬೇಡ, ರಕ್ತದ ಥರ ಕಾಣುತ್ತೆ.

ಕಬ್ಬಿಣದ ಮಾತ್ರೆ ತಗೊಳ್ತಿದ್ರೆ ಒಂದು ವಾರ ಮೊದಲೇ ನಿಲ್ಲಿಸ್ಬೇಕು, ಅದರಿಂದ ಮಲ ಕಪ್ಪಗೆ ಅಂಟಂಟಾಗುತ್ತೆ. ಶುಗರ್ ಮಾತ್ರೆ, ಇನ್ಸುಲಿನ್ ಇದ್ರೆ ಅದೂ, ಡೋಸ್ ಹೇಗೆ ಅಂತ ಈಗ್ಲೇ ಡಾಕ್ಟರ್ ಹತ್ರ ಕೇಳ್ಕೊಳ್ಳಿ, ಊಟ ಇಲ್ದೇ ಎಂದಿನ ಡೋಸ್ ತಗೊಂಡ್ರೆ ಶುಗರ್ ಇಳಿದುಬಿಡುತ್ತೆ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ನೀವಾಗೇ ನಿಲ್ಲಿಸ್ಬೇಡಿ.

ಇನ್ನೊಂದು, ಕುಡಿಯೋದು ಕಮ್ಮಿ ಇರುತ್ತೆ ಅಂತ ಮೆಡಿಕಲ್ ಶಾಪಲ್ಲಿ ಚಿಕ್ಕ ಬಾಟಲಿ ಫಾಸ್ಫೇಟ್ ಔಷಧಿ ಕೊಟ್ರೆ ತಗೋಬೇಡಿ. ಬರೆದುಕೊಟ್ಟಿರೋ ಪೌಡರ್‌ನ ಮೈ ಹೆಚ್ಚುಕಮ್ಮಿ ಹೀರ್ಕೊಳ್ಳೋದೇ ಇಲ್ಲ, ನೀರನ್ನ ಕರುಳಲ್ಲೇ ಹಿಡಿದಿಟ್ಟು ತೊಳ್ಕೊಂಡು ಹೋಗುತ್ತೆ, ಆ ಫಾಸ್ಫೇಟ್ ಹಾಗಲ್ಲ, ವಯಸ್ಸಾದವ್ರಿಗೆ, ಕೆಲವು ಬಿಪಿ ಮಾತ್ರೆ ನುಂಗೋರಿಗೆ ಕಿಡ್ನಿಗೇ ಪೆಟ್ಟು ಕೊಡಬಹುದು.